ಬಾಡಿಗೆಯ ಮನೆಯೂ ಬಾಡಿಗೆದಾರನ ಮನಸ್ಸೂ

1898ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಗಾಡಿಯಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿಯೂ ಗಾಳಿ ಬೆಳಕು ಕಾಣದ ಕತ್ತಲೆಕೋಣೆಗಳಲ್ಲಿಯೂ ಅದು ಸಾವಿರಗಟ್ಟಲೆ ಜನರನ್ನು ಆಹುತಿ ತೆಗೆದುಕೊಂಡಿತು. ಕೆಟ್ಟ ಮನೆಯು ಕೆಟ್ಟ ರೋಗದ ತವರೆಂಬುದನ್ನು ಅಂದಿನ ಮೈಸೂರು ಸರಕಾರದವರು ಆ ದಾರುಣ ಪಾಠದಿಂದ ಕಲಿತರು. ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ರಸ್ತೆಗಳೊಡನೆ, ಮನೆಮನೆಗಳ ನಡುವೆ ಬಿಟ್ಟ ಬಯಲಿನೊಡನೆ, ಹಿತ್ತಲ ಹಿಂದಿನ ಕನ್ಸರ್ವೆನ್ಸಿ ಓಣಿಗಳೊಡನೆ ಬೆಳೆದದ್ದು ಆ ಕಲಿಕೆಯ ಫಲ. ಮನೆಯ ಗೋಡೆಗೂ ಮನುಷ್ಯನ ಮೈಗೂ ಸಂಬಂಧವುಂಟೆಂದು ಒಪ್ಪಿಕೊಳ್ಳುವುದಕ್ಕೆ ನಮಗೆ ಅಷ್ಟು ಹೆಣಗಳು ಬೇಕಾದುವು. ಅದೇ ಗೋಡೆಗೂ ಮನುಷ್ಯನ ಮನಸ್ಸಿಗೂ ಸಂಬಂಧವುಂಟೆಂದು ಒಪ್ಪಿಕೊಳ್ಳಲು ಇನ್ನೇನು ಬೇಕೋ ತಿಳಿಯದು. ಈ ಬೇನೆಯು ಹೆಣದ ಲೆಕ್ಕಕ್ಕೆ ಸಿಕ್ಕುವಂಥದಲ್ಲ. ನಿದ್ರೆಯಿಲ್ಲದ ರಾತ್ರಿಗಳನ್ನೂ ನಿಷ್ಕಾರಣವಾದ ಸಿಡುಕನ್ನೂ ಬಾಯಿಬಿಟ್ಟು ಹೇಳಿಕೊಳ್ಳಲಾರದ ಭಯವನ್ನೂ ಯಾವ ಪೌರಸಭೆಯ ದಫ್ತರವೂ ಬರೆದಿಡುವುದಿಲ್ಲ.

2011ನೆಯ ಜನಗಣತಿಯ ಪ್ರಕಾರ ಭಾರತದ ನಗರಗಳಲ್ಲಿ ನೂರಕ್ಕೆ ಸುಮಾರು 27 ಕುಟುಂಬಗಳು ಬಾಡಿಗೆಯ ಮನೆಗಳಲ್ಲಿದ್ದುವು. ಅದೇ ಗಣತಿಯಲ್ಲಿ ನಗರಗಳೊಳಗೆ ಒಂದು ಕೋಟಿಗೂ ಮೀರಿ ಮನೆಗಳು ಬೀಗ ಹಾಕಿಕೊಂಡು ಖಾಲಿ ನಿಂತಿದ್ದುವೆಂಬುದು ಬೇರೆಯೇ ಒಂದು ಕಥೆ. ಹುದ್ದೆಗಾಗಿ, ಓದಿಗಾಗಿ, ಗಿರಣಿ ಕಾರ್ಖಾನೆಗಳ ಕೂಲಿಗಾಗಿ ಊರು ಬಿಟ್ಟು ಬಂದವರ ಊರಾದ ಬೆಂಗಳೂರಿನಲ್ಲಂತೂ ‘ನಿಮ್ಮ ಮನೆ ಎಲ್ಲಿ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಸ್ವಂತವೋ ಬಾಡಿಗೆಯೋ?’ ಎಂಬ ಪ್ರಶ್ನೆ ಬರುವುದು ವಾಡಿಕೆ. ಇಷ್ಟು ಜನರ ಚಿತ್ತಸ್ವಾಸ್ಥ್ಯವು ಇನ್ನೊಬ್ಬರ ಗೋಡೆ, ಇನ್ನೊಬ್ಬರ ನಲ್ಲಿ, ಇನ್ನೊಬ್ಬರ ಮರ್ಜಿಗಳ ಮೇಲೆ ನಿಂತಿರುವಾಗ ಅದನ್ನು ಖಾಸಗಿ ವಿಷಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ನಾವು ಬಲ್ಲ ಒಂದು ಸಂಸಾರದ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ನಗರದ ಪಶ್ಚಿಮ ಭಾಗದ ಒಂದು ಹಳೆಯ ಬಡಾವಣೆ. ಮೂವತ್ತಕ್ಕೆ ನಲವತ್ತರ ನಿವೇಶನ. ಅದರ ಮೇಲೆ ಮೂರು ಅಂತಸ್ತು. ನೆಲದ ಅಂತಸ್ತಿನ ಹಿಂಭಾಗದಲ್ಲಿ ಒಂದು ನಡುಮನೆ, ಒಂದು ಕೋಣೆ, ಒಂದು ಅಡಿಗೆಮನೆ. ಬಾಡಿಗೆಗಿರುವವರು ಒಂದು ಖಾಸಗಿ ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತರು, ಅವರ ಪತ್ನಿ, ಮುದಿ ತಾಯಿ, ಇಬ್ಬರು ಮಕ್ಕಳು. ಮನೆಗಿರುವ ಒಂದೇ ದೊಡ್ಡ ಕಿಟಕಿಯನ್ನು ತೆರೆದರೆ ಎರಡಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಹಗಲು ಹನ್ನೆರಡು ಗಂಟೆಗೂ ದೀಪ ಹಾಕದೆ ಮಕ್ಕಳು ಪುಸ್ತಕ ತೆರೆಯುವಂತಿಲ್ಲ. ಅಡಿಗೆಮನೆಯ ಗೋಡೆಯ ಮೇಲುಗಡೆಗೆ ಸರಿಯಾಗಿ ಮೊದಲನೆಯ ಅಂತಸ್ತಿನ ಬಚ್ಚಲು. ಬೇಸಗೆಯಲ್ಲಿ ಮನೆ ನೋಡಲು ಹೋದಾಗ ಗೋಡೆಗಳೆಲ್ಲ ಹೊಸದಾಗಿ ಸುಣ್ಣ ಬಳಿಸಿಕೊಂಡು ಬೆಳ್ಳಗಿದ್ದುವು. ಆಷಾಢದ ಗಾಳಿ, ಶ್ರಾವಣದ ಜಡಿ ಕಳೆಯುವುದರೊಳಗೆ ಗೋಡೆ ಉಬ್ಬಿ, ಗಾರೆ ಹಪ್ಪಳದಂತೆ ಕಳಚಿ, ತಾಯಿಯ ಮಂಚದ ಮೂಲೆಯಲ್ಲಿ ಕರಿಯ ಬೂಷ್ಟು ಹಬ್ಬಿತು. ಆಕೆಗೆ ಮೊದಲೇ ಉಬ್ಬಸ.

ಗುಮಾಸ್ತರು ಹೋಗಿ ಕೇಳಿದರು. ಈಗ ಎಲ್ಲರ ಬಾಯಲ್ಲಿಯೂ ‘ಓನರು’ ಎನಿಸಿಕೊಳ್ಳುವ ಮನೆಯ ಯಜಮಾನರು ಒಳ್ಳೆಯ ಮಾತಿನಲ್ಲಿಯೇ, “ಮಳೆಗಾಲ ಸ್ವಾಮಿ, ಯಾವ ಗೋಡೆ ನೆನೆಯೋದಿಲ್ಲ? ಕಳೀಲಿ, ನೋಡೋಣ” ಎಂದರು. ಮಳೆಗಾಲ ಕಳೆಯಿತು. ಎರಡನೆಯ ಸಲ ಕೇಳಿದಾಗ, “ಹಿಂದಿದ್ದವರು ನಾಲ್ಕು ವರ್ಷ ಇದ್ದರು, ಒಂದು ಮಾತು ಆಡಲಿಲ್ಲ, ನಿಮಗೊಬ್ಬರಿಗೇ ಯಾಕೆ ತೊಂದರೆ?” ಎಂದರು. ಮೂರನೆಯ ಸಲ, “ಅನುಕೂಲ ಇಲ್ಲದಿದ್ದರೆ ಖಾಲಿ ಮಾಡಿ, ಈ ಮನೆಗೆ ಹತ್ತು ಜನ ಬರ್ತಾರೆ” ಎಂದರು. ನಾಲ್ಕನೆಯ ಸಲ ಗುಮಾಸ್ತರು ಹೋಗಲಿಲ್ಲ. ಮುಂಗಡವಾಗಿ ಕೊಟ್ಟ ಹತ್ತು ತಿಂಗಳ ಬಾಡಿಗೆಯ ಹಣ, ಹೆಂಡತಿಯ ಒಡವೆಯನ್ನು ಅಡವಿಟ್ಟು ತಂದದ್ದು, ಯಜಮಾನರ ಕೈಯಲ್ಲಿತ್ತು.

ವಾಚಕರು ಗಮನಿಸಬೇಕಾದದ್ದು ಇಲ್ಲಿಂದ ಮುಂದಿನದನ್ನು. ನೀರಿನ ಮೋಟರಿನ ಗುಂಡಿ ಯಜಮಾನರ ಮನೆಯೊಳಗಿದೆ. ಬೆಳಗ್ಗೆ ಇಪ್ಪತ್ತು ನಿಮಿಷ ಬಿಡುತ್ತಾರೆ, ಆರಕ್ಕೋ ಆರೂವರೆಗೋ ನಿಶ್ಚಯವಿಲ್ಲ. ತಪ್ಪಿಹೋದೀತೆಂಬ ಅಂಜಿಕೆಯಿಂದ ಆ ತಾಯಿ ನಾಲ್ಕೂವರೆಗೇ ಎದ್ದು ಕುಳಿತಿರುವಳು. ಊರಿಂದ ನಾದಿನಿ ಬಂದರೆ ಎರಡನೆಯ ದಿನ ‘ಓನರಮ್ಮ’ ಬಾಗಿಲಿಗೆ ಬಂದು, “ಇನ್ನೂ ಎಷ್ಟು ದಿನ ಇರ್ತಾರೆ?” ಎಂದು ನಗುತ್ತಲೇ ಕೇಳಿಹೋಗುವರು. ಮಕ್ಕಳು ಓಡಿದರೆ, ‘ಶ್!’. ಆಡಿದರೆ, ‘ಶ್!’. ಏಳು ವರ್ಷದ ಹುಡುಗನೊಬ್ಬ ತನ್ನ ಮನೆಯಲ್ಲಿಯೇ ಪಿಸುಮಾತಿನಲ್ಲಿ ಮಾತಾಡುವುದನ್ನು ನಾವು ಕೇಳಿದ್ದೇವೆ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾದರೆ ಗೃಹಿಣಿ ಕೈಯಲ್ಲಿದ್ದುದನ್ನು ಬಿಟ್ಟು ಕಿವಿಗೊಡುವಳು. ಗುಮಾಸ್ತರು ಕಚೇರಿ ಮುಗಿದ ಮೇಲೆ ನೇರವಾಗಿ ಮನೆಗೆ ಬರುವುದಿಲ್ಲ. ಬಸ್ಸಿನ ನಿಲ್ದಾಣದ ಬಳಿಯ ಹೋಟಲಿನಲ್ಲಿ ಅರ್ಧ ಲೋಟ ಕಾಫಿಯನ್ನು ಅರ್ಧ ಗಂಟೆ ಕುಡಿಯುವರು. ಮೂರು ತಿಂಗಳಿಂದ ಅವರಿಗೆ ಎದೆ ಬಡಿತ. ವೈದ್ಯರು ಹೃದಯದ ಪರೀಕ್ಷೆ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಏನೂ ಇಲ್ಲವೆಂದರು, ನಿದ್ರೆಗೆ ಮಾತ್ರೆ ಬರೆದುಕೊಟ್ಟರು. ‘ಮನೆ ಹೇಗಿದೆ?’ ಎಂದು ಕೇಳಲಿಲ್ಲ. ಕೇಳುವ ಪದ್ಧತಿಯೂ ಇಲ್ಲ.

ಈ ಸಂಸಾರದಲ್ಲಿ ಯಾರಿಗೂ ಹುಚ್ಚು ಹಿಡಿದಿಲ್ಲ. ಯಾರೂ ಉಪವಾಸವಿಲ್ಲ. ನಗರದ ಅಳತೆಯಲ್ಲಿ ಇವರು ಮಧ್ಯಮವರ್ಗದವರು. ಇವರಿಗಿಂತ ಕೆಳಗೆ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಕಡೆ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಶೀಟಿನ ಮನೆಗಳ ಸಾಲಿನಲ್ಲಿ, ಹತ್ತು ಮನೆಗೆರಡು ಕಕ್ಕಸುಗಳನ್ನು ಹಂಚಿಕೊಂಡು, ಏಪ್ರಿಲ್ ತಿಂಗಳಲ್ಲಿ ಕಾದ ಕಾವಲಿಯಂಥ ಮಾಡಿನ ಕೆಳಗೆ ರಾತ್ರಿ ಕಳೆಯುತ್ತಾರೆ. ಮಕ್ಕಳಿಗೆಂದು ಕಟ್ಟಿದ ‘ಪೀಜಿ’ಗಳಲ್ಲಿ ಒಂದು ಕೋಣೆಗೆ ನಾಲ್ಕು ಮಂಚ ಹಾಕಿರುವುದನ್ನು ತಂದೆತಾಯಿಗಳು ಕಂಡೂ ಕಾಣದವರಂತೆ ಹಣ ಕಟ್ಟಿ ಊರಿಗೆ ಹಿಂತಿರುಗುತ್ತಾರೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಜನ ವಾಸಿಸುವ ಕೋಣೆ 9.5 ಚದರ ಮೀಟರಿಗೆ ಕಡಮೆಯಿರಬಾರದೆಂದು ಬರೆದಿದೆ. ಕಿಟಕಿಗಳಿಗೂ ಅಳತೆ ಹೇಳಿದೆ. ಆ ಸಂಹಿತೆಯನ್ನು ಕೈಯಲ್ಲಿ ಹಿಡಿದು ಯಾವ ಅಧಿಕಾರಿಯಾದರೂ ನಮ್ಮ ಒಂದು ಬೀದಿಯನ್ನು ನಡೆದು ನೋಡಿದರೆ ಎಷ್ಟು ಮನೆಗಳು ಉಳಿದಾವು?

ಮನಸ್ಸಿಗೂ ಮನೆಗೂ ಇರುವ ನಂಟು ನಮ್ಮ ಊಹೆಯೆಂದು ಯಾರಾದರೂ ಭಾವಿಸಿದರೆ, ಈಚಿನ ವಿದ್ವಾಂಸರ ಪರಿಶೋಧನೆಗಳನ್ನು ಅವರ ಮುಂದಿಡಬಹುದು. ಮೆಕ್ಸಿಕೋ ದೇಶದ ಕೋವಾವಿಲಾ ಎಂಬ ಪ್ರಾಂತದಲ್ಲಿ 2000ದ ಸುಮಾರಿಗೆ ಸರಕಾರವು ಬಡವರ ಮಣ್ಣಿನ ನೆಲದ ಗುಡಿಸಲುಗಳಿಗೆ ಸಿಮೆಂಟಿನ ನೆಲ ಹಾಕಿಸಿಕೊಟ್ಟಿತು. ಇನ್ನೇನನ್ನೂ ಕೊಡಲಿಲ್ಲ, ಕೂಲಿ ಹೆಚ್ಚಲಿಲ್ಲ. ಕೆಲವು ವರ್ಷಗಳ ಮೇಲೆ ಆ ಮನೆಗಳನ್ನು ನೆರೆಯ ನಗರದ ಅಂಥವೇ ಮನೆಗಳೊಡನೆ ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರಿಗೆ, ಮಕ್ಕಳ ಹೊಟ್ಟೆಹುಳು, ಭೇದಿ, ರಕ್ತಹೀನತೆಗಳು ಕಡಮೆಯಾದುದು ಕಂಡಿತು. ಅದು ನಿರೀಕ್ಷಿತವೇ. ಆದರೆ ಅದರೊಡನೆ ತಾಯಂದಿರ ಮನೋವ್ಯಥೆಯೂ ಖಿನ್ನತೆಯೂ ಇಳಿದಿದ್ದುವು. 2009ರಲ್ಲಿ ಪ್ರಕಟವಾದ ಆ ವರದಿಯನ್ನು ಓದಿದಾಗ ನಮಗೆ ಅನ್ನಿಸಿದ್ದು ಇಷ್ಟೆ: ಹತ್ತು ಉಪನ್ಯಾಸಗಳು ಮಾಡಲಾರದ್ದನ್ನು ಒಂದು ಒಣಗಿದ ಗಟ್ಟಿ ನೆಲ ಮಾಡಿತು.

ಆ ಮನೆಗಳಲ್ಲಿದ್ದವರು ಬಹುಪಾಲು ಸ್ವಂತ ಮನೆಯವರು. ಬಾಡಿಗೆದಾರನ ವ್ಯಥೆಯಲ್ಲಿ ಇನ್ನೊಂದು ಅಂಶವಿದೆ. ಬ್ರಿಟನ್ನಿನಲ್ಲಿ ಸಾವಿರಾರು ಜನರನ್ನು ವರ್ಷವರ್ಷವೂ ಹಿಂಬಾಲಿಸಿ ವಿಚಾರಿಸಿದ ಒಂದು ದೀರ್ಘ ಅಧ್ಯಯನದಿಂದ, ಕೆಟ್ಟ ಮನೆಯಲ್ಲಿ ಕಳೆದ ಕಾಲ ಹೆಚ್ಚಿದಂತೆ ಮನಸ್ಸಿನ ಆರೋಗ್ಯ ಕುಂದುವುದೆಂದೂ ಹಿಂದೆ ಅಂಥ ಮನೆಯಲ್ಲಿದ್ದುದರ ಗುರುತು ಮುಂದೆಯೂ ಉಳಿಯುವುದೆಂದೂ 2017ರಲ್ಲಿ ತಿಳಿದುಬಂದಿತು. 2023ರಲ್ಲಿ ಅದೇ ದೇಶದ ಸುಮಾರು 1,420 ಜನರ ರಕ್ತವನ್ನು ಪರೀಕ್ಷಿಸಿದ ಬೇರೆ ವಿದ್ವಾಂಸರು, ಸ್ವಂತ ಮನೆಯವರಿಗಿಂತ ಖಾಸಗಿ ಯಜಮಾನರ ಬಾಡಿಗೆಮನೆಯಲ್ಲಿರುವವರ ದೇಹವು ಬೇಗ ಮುಪ್ಪಾಗುವುದನ್ನು ಕಂಡರು. ನಿರುದ್ಯೋಗವು ದೇಹವನ್ನು ಸವೆಸುವುದಕ್ಕಿಂತ ಈ ಸವೆತ ಹೆಚ್ಚೆಂದು ಅವರ ಎಣಿಕೆ. ಗಮನಾರ್ಹವಾದದ್ದೇನೆಂದರೆ, ಸರಕಾರದ ಅಥವಾ ಸಂಘಗಳ ಕಡಮೆ ಬಾಡಿಗೆಯ, ಸುಲಭವಾಗಿ ಬಿಡಿಸಲಾಗದ ಮನೆಗಳಲ್ಲಿದ್ದವರಲ್ಲಿ ಈ ಭೇದ ಕಾಣಲಿಲ್ಲ. ಅವರೂ ಬಾಡಿಗೆದಾರರೇ, ಬಡವರೂ ಹೌದು. ವ್ಯತ್ಯಾಸವಿದ್ದದ್ದು, ನಾಳೆ ಹೊರಗೆ ಹಾಕುವರೋ ಇಲ್ಲವೋ ಎಂಬುದರಲ್ಲಿ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಬಾಡಿಗೆದಾರನ ಮನಸ್ಸನ್ನು ಕೆಡಿಸುವುದು ನೆನೆದ ಗೋಡೆ ಮಾತ್ರವಲ್ಲ. ನೆನೆದ ಗೋಡೆಯನ್ನು ಕುರಿತು ಬಾಯಿ ತೆರೆಯಲಾರದ ಸ್ಥಿತಿ. ಸ್ವಂತ ಮನೆಯ ಗೋಡೆ ಸೋರಿದರೆ ಮನುಷ್ಯನು ಗಾರೆಯವನನ್ನು ಕರೆಯುತ್ತಾನೆ, ಇಲ್ಲವೆ ಹಣವಿಲ್ಲವೆಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಹೇಗಾದರೂ ಗೋಡೆಯ ವಿಷಯದಲ್ಲಿ ಅವನು ಒಡೆಯ. ಬಾಡಿಗೆದಾರನಾದರೋ ಸೋರುವ ಗೋಡೆಯನ್ನು ದಿನವೂ ನೋಡುತ್ತ, ಅದರ ಬಾಡಿಗೆಯನ್ನು ತಿಂಗಳ ಐದನೆಯ ತಾರೀಖಿನೊಳಗೆ ಕೊಡುತ್ತ, ದೂರು ಹೇಳಿದರೆ ದೂರ ಹೋಗಬೇಕಾದೀತೆಂದು ನಗುಮುಖದಿಂದ ನಮಸ್ಕಾರ ಮಾಡುತ್ತ ಇರಬೇಕು. ಈ ನಟನೆಯ ಶ್ರಮ ಕಡಮೆಯದಲ್ಲ. ಇಂಗ್ಲೆಂಡಿನ ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆಯವರು 2018ರಲ್ಲಿ ವಿಚಾರಣೆ ಮಾಡಿದಾಗ, ಮನೆಯ ವಿಷಯವಾಗಿ ವಿಧ್ಯುಕ್ತವಾಗಿ ದೂರು ಕೊಟ್ಟ ಬಾಡಿಗೆದಾರರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ಆರು ತಿಂಗಳೊಳಗೆ ಮನೆ ಬಿಡುವ ನೋಟೀಸು ಬರುವ ಸಂಭವವಿದೆಯೆಂದು ಕಂಡುಬಂದಿತು. ನಮ್ಮಲ್ಲಿ ಅಂಥ ಲೆಕ್ಕವನ್ನು ಯಾರೂ ತೆಗೆದಿಲ್ಲ. ತೆಗೆಯಬೇಕಾದಷ್ಟು ದೂರು ಕೊಡುವ ಧೈರ್ಯ ನಮ್ಮವರಿಗೆಲ್ಲಿದೆ?

ಈ ಅಧೈರ್ಯಕ್ಕೆ ಕಾನೂನಿನ ಕಾರಣವುಂಟು. ಮನೆಯ ಕರಾರುಗಳೆಲ್ಲ ಹನ್ನೊಂದೇ ತಿಂಗಳಿಗೇಕೆ ಆಗುತ್ತವೆಂಬುದನ್ನು ನಮ್ಮ ಅನೇಕ ವಿದ್ಯಾವಂತರೂ ವಿಚಾರಿಸಿದಂತಿಲ್ಲ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯ ಪತ್ರವನ್ನು ರಿಜಿಸ್ಟರು ಮಾಡಿಸತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆಯ ಕಾಯಿದೆಯೂ 1908ರ ನೋಂದಣಿ ಕಾಯಿದೆಯೂ ಹೇಳುತ್ತವೆ. ಆ ಖರ್ಚನ್ನೂ ಆ ಬಂಧನವನ್ನೂ ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳು. ಹೀಗೆ ಒಂದು ಸಂಸಾರದ ಸಮಸ್ತ ಭವಿಷ್ಯವೂ, ಮಕ್ಕಳ ಶಾಲೆಯೂ, ತಾಯಿಯ ಔಷಧಿಯೂ, ಪಡಿತರ ಚೀಟಿಯ ವಿಳಾಸವೂ ಹನ್ನೊಂದು ತಿಂಗಳ ಛಾಪಾಕಾಗದದ ಮೇಲೆ ನಿಂತಿವೆ. ತಿಂಗಳ ಲೆಕ್ಕದ ಬಾಡಿಗೆಯಾದರೆ ಅದೇ 1882ರ ಕಾಯಿದೆಯ 106ನೆಯ ಪ್ರಕರಣದ ಮೇರೆಗೆ ಹದಿನೈದು ದಿನಗಳ ನೋಟೀಸು ಸಾಕು. ಇನ್ನು 108ನೆಯ ಪ್ರಕರಣವನ್ನು ಓದಿದರೆ ಬಾಡಿಗೆದಾರನಿಗೆ ಒಂದು ಆಶೆ ಮೂಡಿ ಮಾಯವಾಗುತ್ತದೆ. ಯಜಮಾನನು ಮಾಡಲು ಬದ್ಧನಾಗಿರುವ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದೆ ಹೋದರೆ, ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದಿದೆ. ‘ಮಾಡಲು ಬದ್ಧನಾಗಿರುವ’ ಎಂಬ ಆ ಎರಡು ಮಾತುಗಳಲ್ಲಿದೆ ಬೀಗ. ಕರಾರಿನಲ್ಲಿ ಬರೆದುಕೊಡದಿದ್ದರೆ ಅವನು ಬದ್ಧನಲ್ಲ. ಬರೆದುಕೊಡುವವರು ಯಾರು? ಯಜಮಾನನಿಗೆ ಗೊತ್ತಿದ್ದ ಗುಪ್ತ ದೋಷವನ್ನು ಮಾತ್ರ ಅವನು ಮೊದಲೇ ಹೇಳಬೇಕು. ಸಾಮಾನ್ಯ ಎಚ್ಚರಿಕೆಯಿಂದ ಕಾಣಬಹುದಾಗಿದ್ದ ದೋಷವಾದರೆ ನೋಡದೆ ಬಂದದ್ದು ಬಾಡಿಗೆದಾರನ ತಪ್ಪು. ಬೇಸಗೆಯ ಸುಣ್ಣದ ಮಹಿಮೆ ಈಗ ವಾಚಕರಿಗೆ ತಿಳಿದಿರಬೇಕು.

ಬಾಡಿಗೆದಾರರಿಗೆಂದೇ ಮಾಡಿದ ಕಾನೂನು ಇಲ್ಲವೆ? ಇದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಗೆ ಬದಲಾಗಿ 1999ರ ಕರ್ನಾಟಕ ಬಾಡಿಗೆ ಕಾಯಿದೆ ಬಂದಿತು. 2001ರ ಕೊನೆಯ ದಿನ ಜಾರಿಯಾಯಿತು. ಆದರೆ ಹುಟ್ಟುವಾಗಲೇ ಅದು ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೇಲ್ಪಟ್ಟ, ಇತರ ಊರುಗಳಲ್ಲಿ 2,000 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ವಾಸದ ಮನೆಗಳನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ಅಂದು ಆ ಮೊಬಲಗು ಶ್ರೀಮಂತರ ಬಾಡಿಗೆಯಾಗಿದ್ದಿರಬಹುದು. ಇಂದು ಆ ಹಣಕ್ಕೆ ಬೆಂಗಳೂರಿನ ಹಲವು ಪೀಜಿಗಳಲ್ಲಿ ಒಂದು ಮಂಚವೂ ಸಿಕ್ಕದು. ಬಡವರಿಗೆಂದು ಹಾಕಿದ ಚಪ್ಪರದ ಕೆಳಗೆ ಈಗ ಬಡವರೂ ಇಲ್ಲ.

ಹಿಂದೆ ನಮ್ಮನ್ನಾಳಿದವರ ಮಾತನ್ನು ಇಲ್ಲಿ ಎತ್ತುವುದು ಅಪ್ರಿಯವಾದರೂ ಅನಿವಾರ್ಯ. ಅವರು 1882ರಲ್ಲಿ ನಮಗೆ ಬರೆದುಕೊಟ್ಟ ಕಾಯಿದೆಯ ಮೂಲತತ್ತ್ವವು ಅವರ ನಾಡಿನದೇ. ಅಲ್ಲಿ ಅವರು ಅದನ್ನು ತಿದ್ದಿಕೊಳ್ಳುತ್ತ ಬಂದರು. 2018ರ ಒಂದು ಶಾಸನದಿಂದ ಬಾಡಿಗೆಯ ಮನೆಯು ಮನುಷ್ಯವಾಸಕ್ಕೆ ಯೋಗ್ಯವಾಗಿರತಕ್ಕದ್ದೆಂಬುದನ್ನು ಪ್ರತಿಯೊಂದು ಕರಾರಿನಲ್ಲಿಯೂ ಅಡಗಿದ ಷರತ್ತನ್ನಾಗಿ ಮಾಡಿದರು. ರಾಚ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರಿನಲ್ಲಿ ಬೂಷ್ಟು ಹಿಡಿದ ಮನೆಯಲ್ಲಿ ಎರಡು ವರ್ಷದ ಮಗುವೊಂದು ಉಸಿರಾಟದ ರೋಗದಿಂದ ತೀರಿಕೊಂಡಿತು. ತಂದೆ ಮೂರು ವರ್ಷಗಳಿಂದ ದೂರು ಹೇಳುತ್ತಿದ್ದನು. 2023ರ ಶಾಸನವು ಆ ಮಗುವಿನ ಹೆಸರಿನಲ್ಲಿಯೇ, ಇಂಥ ದೂರನ್ನು ಗೊತ್ತಾದ ದಿನಗಳೊಳಗೆ ವಿಚಾರಿಸಿ ಸರಿಪಡಿಸಬೇಕೆಂಬ ಕಟ್ಟಳೆಗೆ ದಾರಿಮಾಡಿತು. ಕಾರಣ ಹೇಳದೆ ಬಾಡಿಗೆದಾರನನ್ನು ಬಿಡಿಸುವ ಅಧಿಕಾರವನ್ನು ತೆಗೆದುಹಾಕುವ ಶಾಸನವು 2025ರಲ್ಲಿ ಅಲ್ಲಿ ಅಂಗೀಕೃತವಾಯಿತು. ಅವರು ಮನೆ ಬದಲಿಸಿದ್ದಾರೆ. ಅವರು ಬಿಟ್ಟುಹೋದ ಹಳೆಯ ಮನೆಯನ್ನು ಸ್ವರಾಜ್ಯ ಬಂದ ಮೇಲೂ ನಾವು ಗುಡಿಸಿ ಸಾರಿಸಿ ಕಾಪಾಡಿಕೊಂಡಿದ್ದೇವೆ.

ನಮ್ಮ ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲವೆಂಬುದು ಹೆಮ್ಮೆಯ ಸಂಗತಿ. ಪಶುವಿಗೆ ಮೈ ಮರೆಮಾಡಲು ಒಂದು ಮಾಡು ಸಾಕು, ಮನುಷ್ಯನಿಗಾದರೋ ದೇಹ, ಮನಸ್ಸು, ಬುದ್ಧಿ ಮೂರೂ ಬೆಳೆಯುವಂಥ ವಸತಿ ಬೇಕೆಂಬ ಅರ್ಥದ ಮಾತನ್ನು ಅದು 1990ರಲ್ಲಿಯೇ ಶಾಂತಿಸ್ಟಾರ್ ಬಿಲ್ಡರ್ಸ್ ಮೊಕದ್ದಮೆಯಲ್ಲಿ ಹೇಳಿತು. ಮನಸ್ಸೆಂಬ ಶಬ್ದ ಆ ತೀರ್ಪಿನಲ್ಲಿದೆ. ಅದು ಶಾಸನದ ಪುಸ್ತಕಕ್ಕೆ ಇಳಿದುಬರಲು ಇನ್ನೂ ದಾರಿ ಸಿಕ್ಕಿಲ್ಲ.

ಯಜಮಾನರ ಪಕ್ಷವನ್ನೂ ಕೇಳದೆ ತೀರ್ಮಾನ ಮಾಡಲಾಗದು. ಬೆಂಗಳೂರಿನ ಮನೆಯ ಯಜಮಾನರೆಲ್ಲ ಸಾಹುಕಾರರಲ್ಲ. ನಿವೃತ್ತರಾದ ಉಪಾಧ್ಯಾಯರು, ಗಂಡನನ್ನು ಕಳೆದುಕೊಂಡ ಹೆಂಗಸರು, ಪಿಂಚಣಿಯಿಲ್ಲದ ಸಣ್ಣ ವ್ಯಾಪಾರಿಗಳು ಮೇಲಿನ ಎರಡು ಅಂತಸ್ತಿನ ಬಾಡಿಗೆಯಿಂದಲೇ ಜೀವನ ಮಾಡುತ್ತಾರೆ. ಅವರ ಭಯವೂ ನಿಜವಾದದ್ದೇ: ಒಮ್ಮೆ ಒಳಗೆ ಬಂದವನು ಬಿಡದೆ ಕುಳಿತರೆ ನ್ಯಾಯಾಲಯದಲ್ಲಿ ಚಪ್ಪಲಿ ಸವೆಸಬೇಕು. ಬಾಡಿಗೆಯನ್ನು ಕಾನೂನಿನಿಂದ ಹೆಪ್ಪುಗಟ್ಟಿಸಿದರೆ ಏನಾಗುವುದೆಂಬುದಕ್ಕೆ ಮುಂಬಯಿಯೇ ಸಾಕ್ಷಿ. 1947ರ ಕಾಯಿದೆಯು ಅಲ್ಲಿ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ದಶಕಗಳು ಕಳೆದರೂ ಅದು ಏರಲಿಲ್ಲ. ಕೈಗೆ ಬಾರದ ಬಾಡಿಗೆಗಾಗಿ ಯಾವ ಯಜಮಾನನೂ ಚಾಳಿನ ತೊಲೆ ಬದಲಿಸಲಿಲ್ಲ. ಕಡೆಗೆ ಸರಕಾರವೇ 1969ರಲ್ಲಿ ರಿಪೇರಿಗಾಗಿ ಒಂದು ಮಂಡಲಿಯನ್ನು ಸ್ಥಾಪಿಸಬೇಕಾಯಿತು. ಮುಂಬಯಿಯ ಹಳೆಯ ಚಾಳುಗಳಲ್ಲಿ ನಮ್ಮ ಕನ್ನಡಿಗರು ಎಷ್ಟೋ ತಲೆಮಾರು ಬಾಳಿದ್ದಾರೆ. ಮಳೆಗಾಲದಲ್ಲಿ ತಲೆಯ ಮೇಲಿನ ಮಾಡನ್ನು ನೋಡುತ್ತ ಮಲಗುವುದೇನೆಂದು ಅವರನ್ನು ಕೇಳಬೇಕು. ಆದುದರಿಂದ ಬಾಡಿಗೆಯನ್ನು ಕಟ್ಟಿಹಾಕಬೇಕೆಂದು ನಾವು ಹೇಳುವುದಿಲ್ಲ. ಬಾಡಿಗೆ ಕಾಲಕ್ಕೆ ತಕ್ಕಂತೆ ಏರಲಿ. ಏರಿದ ಬಾಡಿಗೆಯೊಡನೆ ಮನೆಯನ್ನು ಮನೆಯಾಗಿ ಇಡುವ ಹೊಣೆಯೂ ಏರಲಿ ಎಂಬುದಷ್ಟೇ ನಮ್ಮ ವಾದ.

ಭಾರತ ಸರಕಾರವು 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಈ ದಿಕ್ಕಿನ ಕೆಲವು ಅಂಶಗಳಿವೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗೆ ಮೀರಿದ ಮುಂಗಡ ತೆಗೆದುಕೊಳ್ಳಬಾರದು. ಯಜಮಾನನು ಇಪ್ಪತ್ತನಾಲ್ಕು ಗಂಟೆಗಳ ಮುಂಚೆ ತಿಳಿಸದೆ ಒಳಗೆ ಬರಬಾರದು. ನೀರು, ವಿದ್ಯುತ್ತುಗಳನ್ನು ತಡೆಯಬಾರದು. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಕೊಳಾಯಿಯ ಕೊಳವೆ, ವಿದ್ಯುತ್ತಿನ ತಂತಿ ಇವು ಯಜಮಾನನ ಹೊಣೆ, ನಲ್ಲಿಯ ವಾಷರು ಮುಂತಾದ ಚಿಲ್ಲರೆ ಕೆಲಸ ಬಾಡಿಗೆದಾರನ ಹೊಣೆ ಎಂದು ಪಟ್ಟಿಯೇ ಇದೆ. ಆದರೆ ಇದು ಮಾದರಿ. ರಾಜ್ಯದ ಶಾಸನಸಭೆ ಅಂಗೀಕರಿಸಿದಲ್ಲದೆ ಬರಿಯ ಕಾಗದ. ಅದರಲ್ಲಿಯೂ ಮುಖ್ಯವಾದ ಒಂದು ಕೊರತೆ ನಮಗೆ ಕಾಣುತ್ತದೆ: ದೂರು ಕೊಟ್ಟವನಿಗೆ ರಕ್ಷಣೆಯಿಲ್ಲ. ಕರಾರಿನ ಅವಧಿ ತೀರಿದ ಕೂಡಲೆ ಯಜಮಾನನು ಮುಂದುವರಿಸಲು ಒಲ್ಲೆನೆಂದರೆ ಮುಗಿಯಿತು. ನಮ್ಮ ರಾಜ್ಯವು ಆ ಮಾದರಿಯನ್ನು ಕೈಗೆತ್ತಿಕೊಳ್ಳುವಾಗ ಒಂದು ಪ್ರಕರಣವನ್ನು ಸೇರಿಸಬೇಕು: ಬಾಡಿಗೆಯನ್ನು ಸರಿಯಾಗಿ ಕೊಡುತ್ತಿರುವ ಬಾಡಿಗೆದಾರನು ರಿಪೇರಿಯ ವಿಷಯವಾಗಿ ಬರೆದು ದೂರು ಕೊಟ್ಟರೆ, ಅಲ್ಲಿಂದ ಒಂದು ವರ್ಷದವರೆಗೆ, ಯಜಮಾನನ ಸ್ವಂತ ವಾಸದಂಥ ನಿಜವಾದ ಅಗತ್ಯ ರುಜುವಾದ ಹೊರತು, ಅವನನ್ನು ಬಿಡಿಸಕೂಡದು. ಈ ಒಂದು ಪ್ರಕರಣಕ್ಕೆ ಖಜಾನೆಯಿಂದ ಒಂದು ಕಾಸೂ ಬೇಕಾಗಿಲ್ಲ.

ಎರಡನೆಯದು ಪೌರಾಡಳಿತದ ಕೆಲಸ. ಪ್ಲೇಗಿನ ಕಾಲದಲ್ಲಿ ಆರೋಗ್ಯಾಧಿಕಾರಿಗಳು ಮನೆಮನೆಗೆ ಹೊಕ್ಕು ನೋಡಿದರು. ಜನ ಶಪಿಸಿದರು, ಆದರೂ ನೋಡಿದರು. ಅಂದಿನ ದರ್ಪವು ನಮಗೆ ಬೇಡ. ಬಾಡಿಗೆದಾರನು ಕರೆದಾಗ ಬಂದು ಗೋಡೆ, ಕಿಟಕಿ, ನೀರು, ಕಕ್ಕಸುಗಳನ್ನು ನೋಡಿ ಒಂದು ಪುಟದ ವರದಿ ಬರೆದುಕೊಡುವ ಅಧಿಕಾರಿ ಪ್ರತಿ ವಾರ್ಡಿಗೂ ಒಬ್ಬನಿದ್ದರೆ ಸಾಕು. 2025ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯನ್ನು ಐದಾಗಿ ವಿಭಾಗಿಸಿದಾಗ, ಆಡಳಿತವು ಜನರ ಬಾಗಿಲಿಗೆ ಹತ್ತಿರ ಬರುವುದೆಂದು ಹೇಳಿದರು. ಬಾಗಿಲಿಗೆ ಬಂದವರು ಒಂದು ಹೆಜ್ಜೆ ಒಳಗೂ ಬರಬೇಕು. ರಿಪೇರಿ ಮಾಡಿಸಿದ ಸಣ್ಣ ಯಜಮಾನರಿಗೆ ಆ ವರ್ಷದ ಕಂದಾಯದಲ್ಲಿ ಒಂದಿಷ್ಟು ವಜಾ ಕೊಟ್ಟರೆ ಅವರ ಮುನಿಸೂ ಕಡಮೆಯಾದೀತು.

ಮನೋರೋಗಗಳ ಚಿಕಿತ್ಸೆಯಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರಿದೆ. ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆಯ ಬೇರಿನಿಂದ ಬೆಳೆದು 1974ರಲ್ಲಿ ಈಗಿನ ಹೆಸರು ಪಡೆದ ನಿಮ್ಹಾನ್ಸ್ ಸಂಸ್ಥೆಯು ಇಡೀ ದೇಶಕ್ಕೆ ಮಾದರಿ. ಅದೇ ಸಂಸ್ಥೆಯ ಮುಂದಾಳುತನದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮನೋವ್ಯಾಧಿಯಿದೆಯೆಂದೂ ಮಹಾನಗರಗಳಲ್ಲಿ ಈ ಪ್ರಮಾಣ ಹೆಚ್ಚೆಂದೂ ತಿಳಿಸಿತು. 2022ರಿಂದ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಯಾರಾದರೂ ಮನಸ್ಸಿನ ನೋವನ್ನು ಹೇಳಿಕೊಂಡು ಸಲಹೆ ಪಡೆಯಬಹುದು. ಕನ್ನಡದಲ್ಲಿಯೂ ಉತ್ತರ ಸಿಕ್ಕುತ್ತದೆ. ಇವೆಲ್ಲ ಸ್ತುತ್ಯವಾದ ಕಾರ್ಯಗಳೇ. ಆದರೆ ನಾವು ಹೇಳಿದ ಆ ಗೃಹಿಣಿಯು ಎಲ್ಲಿ ನಿಂತು ಆ ಫೋನು ಮಾಡಬೇಕು? ಗೋಡೆಯಾಚೆ ಓನರಮ್ಮನ ಅಡಿಗೆಮನೆ. ವೈದ್ಯರು ರೋಗಿಯ ಚೀಟಿಯಲ್ಲಿ ವಯಸ್ಸು, ಉದ್ಯೋಗಗಳ ಜತೆಗೆ ‘ಮನೆ ಎಂಥದು, ಎಷ್ಟು ಜನ, ಎಷ್ಟು ದಿನದ ಕರಾರು’ ಎಂದು ಒಂದು ಸಾಲು ಬರೆದುಕೊಳ್ಳುವ ಪದ್ಧತಿಯನ್ನಾದರೂ ಆರಂಭಿಸಿದರೆ, ಕೆಲವು ವರ್ಷಗಳಲ್ಲಿ ನಮ್ಮದೇ ಲೆಕ್ಕ ನಮ್ಮ ಕೈಗೆ ಬಂದೀತು. ಆಗ ಮೆಕ್ಸಿಕೋ, ಇಂಗ್ಲೆಂಡುಗಳ ಸಾಕ್ಷ್ಯವನ್ನು ನಾವು ಎರವಲು ತರಬೇಕಾಗಿರುವುದಿಲ್ಲ.

ಮನೆ ಸಿಕ್ಕುವುದಕ್ಕೆ ಮುಂಚಿನ ಅವಮಾನವನ್ನು ನಾವು ಇಲ್ಲಿ ವಿಸ್ತರಿಸಲಿಲ್ಲ. ಜಾತಿ ಯಾವುದು, ಏನು ತಿನ್ನುವಿರಿ, ಯಾವ ದೇವರು, ಒಂಟಿ ಹೆಣ್ಣೆ, ಮಕ್ಕಳೆಷ್ಟು ಎಂಬ ಪ್ರಶ್ನೆಗಳಿಗೆ ಗೇಟಿನ ಹೊರಗೆ ನಿಂತು ಉತ್ತರ ಹೇಳಿದವರಿಗೆ ಅದು ಗೊತ್ತು. ದೆಹಲಿಯಲ್ಲಿ ಬೇರೆ ಬೇರೆ ಹೆಸರುಗಳಿಂದ ಮನೆಗಾಗಿ ವಿಚಾರಿಸಿ ನೋಡಿದ ಒಂದು ಪರೀಕ್ಷೆಯಲ್ಲಿ ಮುಸಲ್ಮಾನ ಹೆಸರಿನವರಿಗೆ ಮರುಕರೆ ಕಡಮೆ ಬಂದಿತೆಂದು 2016ರಲ್ಲಿ ಪ್ರಕಟವಾಗಿದೆ. ಅಂಥವರಿಗೆ ಸಿಕ್ಕಿದ ಮನೆ ಎಷ್ಟೇ ಕೆಟ್ಟದ್ದಾದರೂ ಬಿಡುವ ಧೈರ್ಯ ಬರುವುದಾದರೂ ಹೇಗೆ? ಅದನ್ನು ಬೇರೆಯಾಗಿಯೇ ಬರೆಯಬೇಕು.

ಗುಮಾಸ್ತರ ಕರಾರು ಈ ವರ್ಷ ಆಷಾಢದಲ್ಲಿ ಮುಗಿಯುತ್ತದೆ. ಆಷಾಢದಲ್ಲಿ ನಮ್ಮವರು ಮನೆ ಬದಲಿಸುವುದಿಲ್ಲ. ಬದಲಿಸಲು ಒಪ್ಪಿದರೂ ಇನ್ನೊಬ್ಬರು ಒಳಗೆ ಕರೆದುಕೊಳ್ಳುವುದಿಲ್ಲ. ಶ್ರಾವಣದವರೆಗೆ ಒಂದು ತಿಂಗಳು ಹೆಚ್ಚಾಗಿ ಇರಲು ಅನುಮತಿ ಕೇಳಬೇಕೆಂದು ಅವರು ಎರಡು ವಾರಗಳಿಂದ ಯೋಚಿಸುತ್ತಿದ್ದಾರೆ. ಅಡಿಗೆಮನೆಯ ಗೋಡೆಯ ಮಾತನ್ನು ಅದರೊಡನೆ ಎತ್ತಕೂಡದೆಂದು ಮನೆಯಲ್ಲಿ ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ.